ಅಡಿಗೆ ತಿರುಮಲಣ್ಣನ ಗ್ರಹಣಿ

ಸಾವಿರದ ಒಂಬೈನೂರ ಐವತ್ತರ ಆಚೀಚೆಗೆ ಕೆದಂಬಾಡಿಯಿಂದ ಕಡಬದವರೆಗೆ ಮದುವೆ ನಿಶ್ಚಯವಾದ ಮನೆಯವರು ಮೊದಲು ಹೋಗುತ್ತಿದ್ದದ್ದು ಜೋಯಿಸರ ಮನೆಗಲ್ಲ, ಅಡಿಗೆ ತಿರುಮಲಣ್ಣನ ಮನೆಗೆ. ಅವರಿಗೆ ಯಾವ ಯಾವ ದಿನ ಬಿಡುವು ಎಂದು ಕೇಳಿಕೊಂಡು, ಅದರಲ್ಲೊಂದು ದಿನಕ್ಕೆ ಮುಹೂರ್ತ ಹುಡುಕಿಕೊಡಿ ಎಂದು ಆಮೇಲೆ ಜೋಯಿಸರಲ್ಲಿಗೆ ಹೋಗುವುದು. ಜೋಯಿಸರಿಗೆ ಇದರಿಂದ ಒಳಗೊಳಗೇ ಉರಿಯುತ್ತಿತ್ತು. ಆದರೆ ಊಟದ ಹೊತ್ತಿಗೆ ಅವರೂ ಮೊದಲ ಪಂಕ್ತಿಯಲ್ಲೇ ಕೂರುವವರು, ಹಾಗಾಗಿ ಬಾಯಿ ಬಿಟ್ಟು ಏನನ್ನೂ ಹೇಳುವಂತಿರಲಿಲ್ಲ.

ತಿರುಮಲೇಶ್ವರ ಭಟ್ಟ ಎಂಬ ಪೂರ್ತಿ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಇತ್ತು. ಮನೆ ಪುತ್ತೂರಿನಿಂದ ಬೆಟ್ಟಂಪಾಡಿಯ ಕಡೆಗೆ. ತೋಟ ಸಣ್ಣದು, ಹೆಸರು ದೊಡ್ಡದು. ಆರುನೂರು ಎಲೆಯ ಊಟವನ್ನು ನಾಲ್ಕು ಜನ ಸಹಾಯಕರನ್ನು ಇಟ್ಟುಕೊಂಡು ಬೈಗುಳವಿಲ್ಲದೆ ಬೇಯಿಸಿ ಇಳಿಸುವ ಮನುಷ್ಯ. ದೇವರಿಗೆ ನೈವೇದ್ಯವಾಗುವ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಈ ಕಟ್ಟುಪಾಡು ಎಲ್ಲ ಅಡಿಗೆಯವರಿಗೂ ಇತ್ತು. ಆದರೆ ಹೆಚ್ಚಿನವರು ಕಂಬದ ಮರೆಗೆ ಹೋಗಿ ಅಂಗೈಗೆ ಎರಡು ಹನಿ ಹಾಕಿ ನೆಕ್ಕಿ ಧೈರ್ಯ ತಂದುಕೊಳ್ಳುವವರು. ತಿರುಮಲಣ್ಣನಿಗೆ ಆ ಗೊಡವೆಯೇ ಇರಲಿಲ್ಲ. ಕೊಪ್ಪರಿಗೆಯಿಂದ ಏಳುವ ಹಬೆಗೆ ಮೂಗು ಒಡ್ಡಿ, ಸಾರು ಕುದಿಯುವ ಸದ್ದಿಗೆ ಕಿವಿ ಕೊಟ್ಟು, ನೊರೆ ಒಡೆಯುವ ರೀತಿ ನೋಡಿ "ಉಪ್ಪು ಇನ್ನೊಂದು ಮುಷ್ಟಿ" ಎನ್ನುವರು. ಅದು ಒಂದು ಹರಳು ಹೆಚ್ಚಾದದ್ದಿಲ್ಲ, ಕಡಿಮೆಯಾದದ್ದಿಲ್ಲ. ಇಂಥ ಕೈ ನಮ್ಮ ಸೀಮೆಯಲ್ಲಿ ಮತ್ತೊಂದು ಹುಟ್ಟಲಿಲ್ಲ, ಇದನ್ನು ನಾನು ಯಾರೆದುರು ಬೇಕಾದರೂ ಹೇಳಿಯೇನು.

ಅವರ ಮಡಿಯ ಬಗ್ಗೆಯೂ ಊರಿನಲ್ಲಿ ದೊಡ್ಡ ಮಾತು. ಉಳಿದ ಅಡಿಗೆಯವರು ಬೆಳಗ್ಗೆ ಒಮ್ಮೆ ಮಿಂದು ಒಲೆಯ ಮುಂದೆ ನಿಂತರೆ, ತಿರುಮಲಣ್ಣ ಮೂರು ಸಲ ಮೀಯುವರು, ಕೆಲವು ದಿನ ನಾಲ್ಕು ಸಲ. ಒದ್ದೆ ಪಂಚೆಯಲ್ಲಿ ಬಾವಿಕಟ್ಟೆಯಿಂದ ಬರುವ ಅವರನ್ನು ಕಂಡು ಮುದುಕಿಯರು ತಮ್ಮ ಮೊಮ್ಮಕ್ಕಳಿಗೆ, "ನೋಡಿ ಕಲೀರಿ, ಮಡಿ ಅಂದ್ರೆ ಅದು" ಎಂದು ತೋರಿಸುತ್ತಿದ್ದರು. ಅಡಿಗೆ ಮುಗಿಯುವವರೆಗೆ ಹೊಟ್ಟೆಗೆ ಜೀರಿಗೆ ನೀರಲ್ಲದೆ ಏನೂ ಇಲ್ಲ. ಎಲ್ಲರ ಊಟವಾದ ಮೇಲೆ ಅಡಿಗೆಯವರನ್ನು ಕೂರಿಸಿ ಮನೆಯ ಯಜಮಾನನೇ ಬಡಿಸುವ ಕಡೆಯ ಪಂಕ್ತಿಗೂ ಅವರು ಕೂರುತ್ತಿರಲಿಲ್ಲ. ವ್ರತ ಇರಬೇಕು ಎಂದು ಜನ ತಾವೇ ಒಂದು ಕಾರಣ ಹುಡುಕಿಕೊಂಡಿದ್ದರು.

ವ್ರತವೂ ಇಲ್ಲ, ಮಡಿಯ ಹುಚ್ಚೂ ಇಲ್ಲ. ತಿರುಮಲಣ್ಣನಿಗೆ ಹೊಟ್ಟೆ ಸರಿ ಇರಲಿಲ್ಲ.

ಐವತ್ತೆರಡನೇ ಇಸವಿಯಲ್ಲಿ ಶುರುವಾದದ್ದು. ಮೊದಲು ಹೊಕ್ಕುಳ ಸುತ್ತ ಹಿಂಡಿದಂತೆ ನೋವು, ಆಮೇಲೆ ಚೊಂಬು ಹಿಡಿದು ಹಿತ್ತಿಲಿಗೆ ಓಡಬೇಕು. ಹೋಗಿ ಬಂದರೆ ನೋವು ಇಳಿಯಿತು ಎನ್ನುವಷ್ಟರಲ್ಲಿ ಇನ್ನೊಮ್ಮೆ. ಒಂದು ವಾರ ಹೀಗೆ, ಮುಂದಿನ ವಾರ ತಿರುಗುಮುರುಗು: ಎಷ್ಟು ಕೂತರೂ ಏನೂ ಇಲ್ಲ, ಹೊಟ್ಟೆ ತಮ್ಮಟೆಯ ಹಾಗೆ ಬಿಗಿದು ಕೂರುವುದು. ಮತ್ತೆ ತಿಂಗಳುಗಟ್ಟಲೆ ಏನೂ ಇಲ್ಲ, ಪೂರ್ತಿ ಗುಣವಾಯಿತು ಎಂದು ಹೆಂಡತಿಯ ಹತ್ತಿರ ಹೇಳಿದ ಮರುದಿನವೇ ಶುರು. ದೊಡ್ಡ ಅಡಿಗೆ ಒಪ್ಪಿಕೊಂಡ ದಿನ, ಬಸ್ಸು ಹತ್ತಬೇಕಾದ ದಿನ, ಯಾರಾದರೂ ಒಂದು ಮಾತು ಅಂದ ದಿನ ತಪ್ಪದೆ ಬರುವುದು. ಹೊರಗೆ ಹೋಗಿ ಬಂದವನು ಮೀಯದೆ ಒಲೆ ಮುಟ್ಟುವಂತಿಲ್ಲ. ಜನ ಕಂಡ ಮೂರು ಮೂರು ಸ್ನಾನದ ಗುಟ್ಟು ಇಷ್ಟೇ.

ಊರಿನ ವೈದ್ಯರು ನಾಡಿ ಹಿಡಿದು ನೋಡಿ "ಇದು ಗ್ರಹಣಿ" ಎಂದರು. ಔಷಧಿಯನ್ನೂ ಕೊಟ್ಟರು, ಸ್ವಲ್ಪ ಹಿಡಿತಕ್ಕೂ ಬಂತು. ಆದರೆ ತಿರುಮಲಣ್ಣನ ಹೆದರಿಕೆ ನೋವಿನದ್ದಲ್ಲ. ಆಗಿನ ಕಾಲದಲ್ಲಿ ಭೇದಿ ಎಂದರೆ ಜನರಿಗೆ ವಾಂತಿಭೇದಿಯೇ ಕಣ್ಣ ಮುಂದೆ ಬರುತ್ತಿತ್ತು. ಒಂದೇ ವಾರದಲ್ಲಿ ಮನೆ ಖಾಲಿಯಾದದ್ದನ್ನು ಕಂಡವರು ಪ್ರತಿ ಊರಿನಲ್ಲೂ ಇದ್ದರು. ಅಡಿಗೆಯವನಿಗೆ ಹೊಟ್ಟೆಯ ರೋಗ ಉಂಟು ಎಂದು ಒಬ್ಬನ ಕಿವಿಗೆ ಬಿದ್ದರೆ ಸಾಕು, ಮತ್ತೆ ಅವನ ಕೈಯ ಅನ್ನವನ್ನು ಯಾರೂ ಮುಟ್ಟಲಿಕ್ಕಿಲ್ಲ. ಹಾಗಾಗಿ ಈ ವಿಷಯ ಗಂಡ, ಹೆಂಡತಿ, ವೈದ್ಯರು, ಈ ಮೂವರ ನಡುವೆಯೇ ಉಳಿಯಿತು.

ಉಳಿಯಿತು ಎನ್ನುವಾಗ ಐವತ್ತನಾಲ್ಕರಲ್ಲಿ ಒಂದು ಎಡವಟ್ಟಾಯಿತು. ಕೆದಂಬಾಡಿಯ ಶ್ರೀಕೃಷ್ಣ ಭಟ್ಟರ ಮಗನ ಉಪನಯನಕ್ಕೆ ಅಡಿಗೆ ಒಪ್ಪಿಕೊಂಡಿದ್ದರು. ಒಂದು ವಾರ ಇರುವಾಗ ಹೊಟ್ಟೆ ಕೆಟ್ಟು, ಅಂಗಳ ದಾಟಲಾಗದ ಸ್ಥಿತಿ. ಶ್ರೀಕೃಷ್ಣ ಭಟ್ಟರು ಸ್ನೇಹಿತರು, ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನೋವಿನ ಸಂಕಟದಲ್ಲಿ ತಿರುಮಲಣ್ಣ ಒಂದು ಕಾರ್ಡು ಬರೆದು ಹಾಕಿಸಿದರು: "ಗ್ರಹಣಿಯ ಉಪದ್ರ ಜೋರಾಗಿದೆ. ಮನೆ ಬಿಟ್ಟು ಹೊರಡಲು ಬಿಡುತ್ತಿಲ್ಲ. ದಯವಿಟ್ಟು ಬೇರೆಯವರನ್ನು ಗೊತ್ತುಮಾಡಿಕೊಳ್ಳಬೇಕು. ಈ ವಿಷಯ ಯಾರಿಗೂ ಹೇಳಬಾರದು." ಕಾರ್ಡು ಡಬ್ಬಿಗೆ ಬಿದ್ದ ಮೇಲೆ, ಇನ್ನು ತನ್ನ ಕೆಲಸ ಮುಗಿಯಿತು ಎಂದುಕೊಂಡು ನಾಲ್ಕು ದಿನ ಉತ್ತರಕ್ಕೆ ಕಾದರು.

ಉತ್ತರ ಬಂತು. "ನಿಮ್ಮ ಕಷ್ಟ ಅರ್ಥವಾಯಿತು. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಸ್ವಲ್ಪ ಗಟ್ಟಿಯಾಗಿ ಮಾತಾಡಿ ನೋಡಿ. ತೀರಾ ಹೆದರಿದರೆ ಅವರು ತಲೆಗೇ ಹತ್ತುತ್ತಾರೆ." ತಿರುಮಲಣ್ಣ ಕಾರ್ಡನ್ನು ಮೇಲೆ ಕೆಳಗೆ ಮಾಡಿ ಓದಿದರು. ಗಟ್ಟಿಯಾಗಿ ಮಾತಾಡುವುದು ಯಾರ ಹತ್ತಿರ, ಹೊಟ್ಟೆಯ ಹತ್ತಿರವೇ? ಅರ್ಥ ಮಾಡಿಕೊಂಡವಳು ಹೆಂಡತಿ ವಸುಮತಿ. ಅವಳು ಕಾರ್ಡನ್ನು ಓದಿ, "ನೀವು ಗ್ರಹಣಿ ಅಂತ ಹೇಗೆ ಬರೆದದ್ದು? ನೆಲದಲ್ಲಿ ಬರೆದು ತೋರಿಸಿ ನೋಡುವ" ಎಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ತಿರುಮಲಣ್ಣ ಇದ್ದಿಲಿನಲ್ಲಿ ಬರೆದು ತೋರಿಸಿದರು. ಗಕಾರಕ್ಕೆ ರಕಾರದ ಒತ್ತು ಕೊಡುವಲ್ಲಿ ವಟ್ರಸುಳಿ ಹಾಕಿದ್ದರು: "ಗೃಹಣಿ". ಒಂದು ಗುಡಿಸು ಬಿಟ್ಟುಹೋಗಿದೆ ಎಂದುಕೊಂಡು ಶ್ರೀಕೃಷ್ಣ ಭಟ್ಟರು ತಾವೇ ಅದನ್ನು ಸೇರಿಸಿ ಓದಿಕೊಂಡಿದ್ದರು. ಗೃಹಿಣಿಯ ಉಪದ್ರ ಜೋರಾಗಿದೆ, ಮನೆ ಬಿಟ್ಟು ಹೊರಡಲು ಬಿಡುತ್ತಿಲ್ಲ.

ವಸುಮತಿಗೆ ಮೊದಲು ನಗು ಬಂತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ತಿರುಮಲಣ್ಣನೂ ನಕ್ಕರು, ಅವರದ್ದು ಬದುಕಿ ಉಳಿದವನ ನಗು. ಆಮೇಲೆ ಅವರು, "ಛೆ, ನಾನು ಇನ್ನೊಂದು ಕಾರ್ಡು ಬರೆದು ಸರಿ ಮಾಡ್ತೇನೆ" ಎಂದರು.

"ಬೇಡ," ಎಂದಳು ವಸುಮತಿ. "ಹೊಟ್ಟೆಯದ್ದು ಅಂತ ಗೊತ್ತಾದ್ರೆ ನಿಮ್ಮನ್ನು ಯಾರೂ ಕರೆಯುದಿಲ್ಲ. ಹೆಂಡತಿ ಜೋರು ಅಂತ ಗೊತ್ತಾದ್ರೆ ಎಂತ ನಷ್ಟ? ನನ್ನನ್ನೇನು ಅಡಿಗೆಗೆ ಕರೀಲಿಕ್ಕೆ ಉಂಟಾ? ಇರ್ಲಿ ಬಿಡಿ."

ಅವಳು ಅಷ್ಟು ಸಲೀಸಾಗಿ ಹೇಳಿದಳು, ಇವರು ಅಷ್ಟೇ ಸಲೀಸಾಗಿ ಒಪ್ಪಿಕೊಂಡರು. ತಿರುಮಲಣ್ಣ ನನಗೆಷ್ಟೇ ದೊಡ್ಡವರಾದರೂ ಇಲ್ಲಿ ಅವರ ಪರ ಮಾತಾಡಲು ನನ್ನಿಂದಾಗುವುದಿಲ್ಲ. ಕಾರ್ಡು ಎಂದರೆ ಅಂಚೆಯವನಿಂದ ಹಿಡಿದು ಮನೆಗೆ ಬಂದ ನೆಂಟರವರೆಗೆ ಎಲ್ಲರೂ ಓದುವಂಥದ್ದು. ಮುಂದೆ ಯಾವ ಮನೆಯ ಅಡಿಗೆ ತಪ್ಪಿದರೂ, ಎಲ್ಲಿಗೆ ಹೋಗುವುದು ತಡವಾದರೂ, "ಗೃಹಿಣಿಯ ಉಪದ್ರವೋ?" ಎಂದು ಜನರೇ ಕೇಳುತ್ತಿದ್ದರು. ಇವರು ತಲೆ ತಗ್ಗಿಸಿ ಒಂದು ನಗು ನಕ್ಕರೆ ಮುಗಿಯಿತು. ಆ ನಗು ಒಂದೊಂದು ಸಲವೂ ವಸುಮತಿಯ ಹೆಸರಿಗೆ ಒಂದೊಂದು ಮಸಿ ಬಳಿಯುತ್ತಿತ್ತು. ಅವಳು ಗಂಡನಿಗೆ ಊಟ ಹಾಕುವುದಿಲ್ಲವಂತೆ, ಅದಕ್ಕೇ ಬಡಕಲಾಗಿದ್ದಾರಂತೆ, ಸೌಟಿನಲ್ಲಿ ಹೊಡೆಯುತ್ತಾಳಂತೆ, ಹೀಗೆ ಕಥೆಗಳು ತಾವೇ ಬೆಳೆದವು. ಬಾವಿಯ ಹತ್ತಿರ ಅವಳು ಬಂದರೆ ಮಾತಾಡುತ್ತಿದ್ದ ಹೆಂಗಸರು ಸುಮ್ಮನಾಗುತ್ತಿದ್ದರು.

ಐವತ್ತೇಳರಲ್ಲಿ, ಒಂದು ಸಲ ಹದಿನೈದು ದಿನವಾದರೂ ಉಪದ್ರ ಬಿಡದಾಗ, ವಸುಮತಿಯೇ ಹಠ ಹಿಡಿದು ಅವರನ್ನು ಪುತ್ತೂರಿಗೆ ಹೊರಡಿಸಿದಳು. ಅಲ್ಲಿ ಮಹಾಬಲ ಡಾಕ್ಟರು ಎಂದು ಒಬ್ಬರಿದ್ದರು, ಮಾತು ಒರಟು, ಕೈ ಮೆತ್ತಗೆ. ಹೊಟ್ಟೆಯನ್ನು ಎಲ್ಲಾ ಕಡೆಯಿಂದ ಒತ್ತಿ ನೋಡಿದರು. ರಕ್ತ ಹೋಗುತ್ತದೆಯೇ, ಜ್ವರ ಬರುತ್ತದೆಯೇ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ ಎಂದು ಕೇಳಿದರು. ಎಲ್ಲದಕ್ಕೂ ಇಲ್ಲ ಎಂದೇ ಉತ್ತರ. ಮಲವನ್ನು ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂರನೇ ಸಲ ಹೋದಾಗ ಎದುರು ಕೂರಿಸಿಕೊಂಡು ಹೇಳಿದರು.

"ಭಟ್ರೆ, ನಿಮ್ಮ ಕರುಳಲ್ಲಿ ಹುಣ್ಣಿಲ್ಲ, ಹುಳ ಇಲ್ಲ, ಗಡ್ಡೆ ಇಲ್ಲ. ಕರುಳು ಸರಿಯೇ ಉಂಟು, ಅದರ ನಡತೆ ಮಾತ್ರ ಸರಿ ಇಲ್ಲ. ಬೇರೆಯವರ ಕರುಳು ಸುಮ್ಮನೆ ಬಿಡುವ ಸಣ್ಣ ಸಂಗತಿಗೂ ನಿಮ್ಮದ್ದು ಸಿಡುಕುತ್ತದೆ. ಒಮ್ಮೆ ಓಡ್ತದೆ, ಒಮ್ಮೆ ಮುನಿಸಿಕೊಂಡು ಕೂರ್ತದೆ. ಇಂಗ್ಲಿಷ್ ಪುಸ್ತಕದಲ್ಲಿಯೂ ಇದಕ್ಕೆ ಸಿಡುಕಿನ ಕರುಳು ಅಂತ ಅರ್ಥ ಬರುವ ಹೆಸರೇ ಇರುದು."

"ಗುಣ ಆಗ್ತದಾ ಡಾಕ್ಟ್ರೆ?"

"ಪೂರ್ತಿ ಹೋಗ್ತದೆ ಅಂತ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ. ಬರ್ತದೆ, ಹೋಗ್ತದೆ, ಮತ್ತೆ ಬರ್ತದೆ. ಆದರೆ ಇದರಿಂದ ನೀವು ಸಾಯುದಿಲ್ಲ. ಯಾವ ತಿಂಡಿಗೆ ಜಾಸ್ತಿ ಆಗ್ತದೆ ಅಂತ ನೋಡಿಕೊಂಡು ಅದನ್ನು ಬಿಡಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಮತ್ತೆ ಮನಸ್ಸಿಗೂ ಕರುಳಿಗೂ ಒಳಗಿಂದಲೇ ತಂತಿ ಎಳೆದಿದ್ದಾರೆ. ನೀವು ಹೆದರಿದ್ರೆ ಅದಕ್ಕೆ ಗೊತ್ತಾಗ್ತದೆ."

ತಿರುಮಲಣ್ಣ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿ ಕೇಳಿದರು, "ಅಂಟುತ್ತದಾ?"

ಡಾಕ್ಟರು ಜೋರಾಗಿ ನಕ್ಕರು. "ಸಿಡುಕು ಅಂಟುದಾದ್ರೆ ನನ್ನ ಹತ್ತಿರ ಬಂದವರೆಲ್ಲ ಇಷ್ಟರಲ್ಲಿ ಸಿಡುಕರಾಗಬೇಕಿತ್ತು. ಇದು ಅಂಟುವ ರೋಗವೇ ಅಲ್ಲ ಮಾರಾಯ್ರೆ. ನೀವು ಧಾರಾಳ ಅಡಿಗೆ ಮಾಡಿ. ನನ್ನ ಮನೆಯಲ್ಲಿ ಮದುವೆ ಆದ್ರೆ ನಿಮ್ಮನ್ನೇ ಕರೀತೇನೆ."

ಆ ದಿನದಿಂದ ವಸುಮತಿಯ ಅಡಿಗೆಮನೆಯ ಗೋಡೆ ಒಂದು ಪುಸ್ತಕವಾಯಿತು. ಇವತ್ತು ಉಂಡದ್ದೇನು ಎಂದು ಇದ್ದಿಲಿನಲ್ಲಿ ಬರೆಯುವುದು, ನಾಳೆ ಹೊಟ್ಟೆ ಸರಿ ಇದ್ದರೆ ಪಕ್ಕಕ್ಕೆ ಒಂದು ಸೊನ್ನೆ, ಕೆಟ್ಟರೆ ಒಂದು ಗೀಟು. ಎಂಟು ತಿಂಗಳಲ್ಲಿ ಅವಳಿಗೆ ತಿಳಿಯಿತು: ಹಾಲು ಆಗದು, ಮಜ್ಜಿಗೆ ಆಗುತ್ತದೆ. ಹಲಸಿನಕಾಯಿ ಪಲ್ಯ ಆಗದು, ಬಾಳೆಕಾಯಿ ಪಲ್ಯ ಆಗುತ್ತದೆ. ಕರಿದದ್ದು ಒಂದು ತುಂಡಾದರೆ ಸರಿ, ಎರಡಾದರೆ ಗೀಟು. ಕುಚ್ಚಲಕ್ಕಿ ಗಂಜಿ, ದಾಳಿಂಬೆ ಸಿಪ್ಪೆಯ ತಂಬುಳಿ, ಇವೆರಡರ ಎದುರು ಬರೀ ಸೊನ್ನೆಗಳ ಸಾಲು. ಮೂರನೇ ಕ್ಲಾಸು ಓದಿದ ಹೆಂಗಸು, ಡಾಕ್ಟರು ಹೇಳಿದ ಒಂದು ಮಾತು ಹಿಡಿದುಕೊಂಡು, ಗಂಡನ ಹೊಟ್ಟೆಯನ್ನು ಗೋಡೆಯ ಮೇಲೆ ಓದಿಬಿಟ್ಟಳು. ಉಪದ್ರ ಪೂರ್ತಿ ಹೋಗಲಿಲ್ಲ, ಅರ್ಧಕ್ಕರ್ಧ ಇಳಿಯಿತು. ತಿರುಮಲಣ್ಣ ಯಾವ ಅಡಿಗೆಗೆ ಹೋಗುವಾಗಲೂ ಅವರ ಚೀಲದಲ್ಲಿ ಅವಳು ಕಟ್ಟಿಕೊಟ್ಟ ಬುತ್ತಿ ಇರುತ್ತಿತ್ತು. ಸೌಟಿನಲ್ಲಿ ಹೊಡೆಯುತ್ತಾಳೆ ಎಂದು ಊರು ಆಡಿಕೊಳ್ಳುತ್ತಿದ್ದದ್ದು ಇವಳ ಬಗ್ಗೆಯೇ.

ಅರುವತ್ತನೇ ಇಸವಿಯ ಕೊನೆಗೆ ಒಂದು ದಿನ ವಸುಮತಿ ಸೌತೆಕಾಯಿ ಹೆಚ್ಚುತ್ತಾ, ತಲೆ ಎತ್ತದೆಯೇ ಹೇಳಿದಳು. "ಮೂಕಾಂಬಿಕೆಗೆ ನೆಲ್ಯಾಡಿಯಿಂದ ಬಂದ ಪ್ರಸ್ತಾಪ ತಪ್ಪಿತಂತೆ." ಮೂಕಾಂಬಿಕಾ ಅವಳ ತಂಗಿ. ಜಾತಕ ಕೂಡಿ, ಹುಡುಗ ಬಂದು ನೋಡಿ, ಎಲ್ಲ ಸರಿ ಎಂದಾದದ್ದು.

"ಯಾಕೆ? ಎಂತ ಆಯ್ತು?"

"ಅಕ್ಕ ಗಂಡನನ್ನು ಮನೆಯಿಂದ ಹೊರಡ್ಲಿಕ್ಕೆ ಬಿಡುದಿಲ್ವಂತೆ, ತಂಗಿಯೂ ಹಾಗೆಯೇ ಆದ್ರೆ ನಮ್ಮ ಹುಡುಗನ ಗತಿ ಎಂತ ಅಂತ ಹೇಳಿದ್ರಂತೆ." ಅಷ್ಟು ಹೇಳಿ ಅವಳು ಹೋಳುಗಳನ್ನು ನೀರಿಗೆ ಹಾಕಿದಳು. ಅಳಲಿಲ್ಲ, ದೂರಲಿಲ್ಲ. ಅತ್ತಿದ್ದರೆ ತಿರುಮಲಣ್ಣನಿಗೆ ಸಮಾಧಾನ ಮಾಡುವ ಒಂದು ಕೆಲಸವಾದರೂ ಸಿಗುತ್ತಿತ್ತು. ಅವರು ಅಂಗಳಕ್ಕೆ ಹೋಗಿ ನಿಂತರು, ಹೊಟ್ಟೆ ಹಿಂಡಿತು. ನಾಚಿಕೆಗೂ ಡಾಕ್ಟರು ಹೇಳಿದ ಆ ತಂತಿ ತಾಗುತ್ತದೆ ಎಂದು ಅವರಿಗೆ ಆಗ ತಿಳಿಯಿತು. ಹಾಗಿದ್ದರೂ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಯಾರ ಹತ್ತಿರ ಹೇಳುವುದು, ಎಲ್ಲಿಂದ ಶುರುಮಾಡುವುದು? ಅಡಿಗೆ ಬಿಟ್ಟರೆ ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ.

ಮರುವರ್ಷ ಬೇಸಗೆಯಲ್ಲಿ ಅದೇ ಶ್ರೀಕೃಷ್ಣ ಭಟ್ಟರ ಮಗಳ ಮದುವೆ. ಭಟ್ಟರು ತಾವೇ ಬಂದು ಅಡಿಗೆಗೆ ಹೇಳಿ, ವಸುಮತಿಯ ಕಡೆ ತಿರುಗಿ, "ಈ ಸಲ ನೀವೂ ಬರಬೇಕು ಅಕ್ಕಾ. ನೀವು ಬಂದ್ರೆ ಇವರನ್ನು ಕಳಿಸುದಿಲ್ಲ ಅನ್ನುವ ತಕರಾರೇ ಇಲ್ಲವಲ್ಲ" ಎಂದು ನಕ್ಕರು. ಕೆಟ್ಟ ಮನಸ್ಸಿನ ಮಾತಲ್ಲ. ವಸುಮತಿ, "ಬರ್ತೇನೆ" ಎಂದಳು.

ಕೆದಂಬಾಡಿಯ ಆ ಚಪ್ಪರದಲ್ಲಿ ಮೊದಲ ಪಂಕ್ತಿಗೆ ಇನ್ನೂರೈವತ್ತು ಎಲೆ ಬಿದ್ದಿತ್ತು. ತಿರುಮಲಣ್ಣ ಬೆಳಗ್ಗಿನಿಂದ ಎರಡೇ ಸಲ ಮಿಂದಿದ್ದರು, ಒಳ್ಳೆಯ ದಿನ ಎನ್ನಬೇಕು. ಅನ್ನ, ಸಾರು, ಮಜ್ಜಿಗೆ ಹಾಕಿದ ಮೇಲಾರ ಎಲ್ಲ ಹೇಳಿದ ಹೊತ್ತಿಗೆ ಇಳಿದವು. ಹೋಳಿಗೆ ಬಡಿಸುವಾಗ ರೂಢಿಯಂತೆ ಪಂಕ್ತಿಯಲ್ಲಿ ಒಬ್ಬೊಬ್ಬರೇ ಶ್ಲೋಕ ಹೇಳತೊಡಗಿದರು. ಒಬ್ಬರು ರಾಗವಾಗಿ ಹೇಳುವುದು, ಉಳಿದವರೆಲ್ಲ ಒಟ್ಟಿಗೆ ಜಯಕಾರ ಹಾಕುವುದು. ಹುಡುಗನ ಕಡೆಯವರಲ್ಲಿ ಒಬ್ಬ ಮಾಸ್ತರು, ನಗಿಸುವುದರಲ್ಲಿ ನಿಸ್ಸೀಮ, ಶ್ಲೋಕದ ಧಾಟಿಯಲ್ಲೇ ಸ್ವಂತದ್ದೊಂದನ್ನು ಕಟ್ಟಿ ಹಾಡಿದರು:

"ಸಾವಿರ ಎಲೆಗೆ ಅಟ್ಟುಬಡಿಸುವ ತಿರುಮಲೇಶ್ವರಾ,
ಮನೆಯ ಗೃಹಿಣಿ ಕಣ್ಣು ಬಿಟ್ಟರೆ ಗಡಗಡ ಥರಥರಾ!"

ಚಪ್ಪರ ಹಾರಿಹೋಗುವಂಥ ನಗು. ಜಯಕಾರವನ್ನೂ ಹಾಕಿದರು. ಹೆಂಗಸರ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಮೊಣಕೈಯಲ್ಲಿ ತಿವಿದು ತೋರಿಸಿದಳು, ನೋಡು, ಅವಳೇ. ಸಾಲಿಗೆ ಸಾಲೇ ತಿರುಗಿ ನೋಡಿತು. ಅಡಿಗೆಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ತಿರುಮಲಣ್ಣನಿಗೆ ವಸುಮತಿ ಕಾಣುತ್ತಿದ್ದಳು. ಅವಳು ತನ್ನ ಎಲೆಯನ್ನೇ ನೋಡುತ್ತಾ ನಗುತ್ತಿದ್ದಳು. ಏಳು ವರ್ಷ ಅವರು ಜನರೆದುರು ತಲೆ ತಗ್ಗಿಸಿ ನಕ್ಕದ್ದು ಅದೇ ನಗು. ಅದು ಅವಳ ಮುಖದಲ್ಲಿ ಎಷ್ಟು ಕೆಟ್ಟದಾಗಿ ಕಾಣುತ್ತದೆ ಎಂದು ಅವರು ನೋಡಿದ್ದು ಆಗಲೇ.

ಅವರು ಮೇಲಾರದ ಪಾತ್ರೆ, ಸೌಟು ಹಿಡಿದುಕೊಂಡೇ ಪಂಕ್ತಿಯ ನಡುವೆ ಬಂದು ನಿಂತರು.

"ಮಾಸ್ಟ್ರೆ, ಪದ್ಯ ಒಳ್ಳೆದುಂಟು. ಆದ್ರೆ ಒಂದು ಅಕ್ಷರ ತಪ್ಪು," ಎಂದರು. "ತಪ್ಪು ನಿಮ್ಮದಲ್ಲ, ನನ್ನದು. ಗೃಹಿಣಿ ಅಲ್ಲ ಅದು, ಗ್ರಹಣಿ. ಹೊಟ್ಟೆಯ ಉಪದ್ರ. ನನಗೆ ಒಂಬತ್ತು ವರ್ಷದಿಂದ ಉಂಟು. ನನ್ನನ್ನು ಮನೆ ಬಿಟ್ಟು ಹೊರಡ್ಲಿಕ್ಕೆ ಬಿಡದೆ ಇದ್ದದ್ದು ಅದು, ಇವಳಲ್ಲ. ನಾನು ಕಾರ್ಡಿನಲ್ಲಿ ತಪ್ಪು ಬರೆದೆ, ಶ್ರೀಕೃಷ್ಣ ಭಟ್ರು ಗೃಹಿಣಿ ಅಂತ ಓದಿದ್ರು, ಹೇಳಿದ್ರೆ ಅಡಿಗೆ ತಪ್ಪಿ ಹೋಗ್ತದೆ ಅಂತ ಹೆದರಿ ನಾನು ಬಾಯಿ ಮುಚ್ಚಿ ಕೂತೆ. ಇದು ಅಂಟುದಿಲ್ಲ ಅಂತ ಪುತ್ತೂರಿನ ಡಾಕ್ಟ್ರು ಪರೀಕ್ಷೆ ಮಾಡಿಯೇ ಹೇಳಿದ್ದಾರೆ. ಆದ್ರೂ ಯಾರಿಗಾದ್ರೂ ನನ್ನ ಕೈಯ ಊಟ ಬೇಡ ಅಂತ ಕಂಡ್ರೆ ಏಳಬಹುದು. ನನಗೆ ಬೇಜಾರಿಲ್ಲ. ಇವಳು ಇಷ್ಟು ವರ್ಷ ನನ್ನ ಹೆಸರು ಉಳಿಸಿದ್ಳು. ಅವಳ ಹೆಸರು ಹಾಳು ಮಾಡಿದ್ದು ನಾನು."

ಇನ್ನೂರೈವತ್ತು ಕೈಗಳು ಎಲೆಯ ಮೇಲೆ ನಿಂತವು. ಕೆಲವರು ಹೋಳಿಗೆಯ ತುಂಡನ್ನು ಮೆಲ್ಲಗೆ ಕೆಳಗಿಟ್ಟರು. ಏಳಬೇಕೆಂದು ಕಂಡವರಿಗೂ ಏಳುವಂತಿರಲಿಲ್ಲ, ಯಾಕೆಂದರೆ ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರು ಎದ್ದ ಮೇಲೆಯೇ ಉಳಿದವರು ಏಳುವುದು. ಎಲ್ಲರ ಕಣ್ಣೂ ಸಾಲಿನ ತಲೆಯಲ್ಲಿ ಕೂತಿದ್ದ ಮಹಾಗಣಪತಿ ಭಟ್ಟರ ಕಡೆ ಹೋಯಿತು. ಶ್ರೀಕೃಷ್ಣ ಭಟ್ಟರ ದೊಡ್ಡಪ್ಪ, ಎಂಬತ್ತು ದಾಟಿದವರು, ಕಿವಿ ದೂರ. ನಗು ನಿಂತದ್ದು ಅವರಿಗೆ ತಿಳಿದಿತ್ತು, ಮಾತು ತಿಳಿದಿರಲಿಲ್ಲ.

"ಎಂತ ಹೇಳುದು ಅವ?" ಎಂದು ಪಕ್ಕದವರನ್ನು ಕೇಳಿದರು.

"ಗ್ರಹಣಿಯಂತೆ!" ಎಂದು ಅವರು ಕಿವಿಯ ಹತ್ತಿರ ಕೂಗಿದರು.

"ಗೃಹಿಣಿಯಾ? ಅದು ಎಲ್ಲರಿಗೂ ಉಂಟಲ್ಲ!"

ಯಾರೂ ನಗಲಿಲ್ಲ. ಶ್ರೀಕೃಷ್ಣ ಭಟ್ಟರು ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟು ಹೋಗಿ, "ಗೃಹಿಣಿ ಅಲ್ಲ ದೊಡ್ಡಪ್ಪ. ಹೊಟ್ಟೆಯದ್ದು. ಹಿಂಡುದು, ಮತ್ತೆ ಮತ್ತೆ ಹೊರಗೆ ಹೋಗುದು. ಇವರಿಗೆ ಒಂಬತ್ತು ವರ್ಷದಿಂದ ಉಂಟಂತೆ" ಎಂದು ಬಿಡಿಸಿ ಹೇಳಿದರು.

ಮುದುಕರು ತಿರುಮಲಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕಿವುಡರ ದೊಡ್ಡ ಸ್ವರದಲ್ಲಿ, ಹೆಂಗಸರ ಸಾಲಿಗೂ ಅಡಿಗೆಯ ಕೊಟ್ಟಿಗೆಗೂ ಕೇಳುವಂತೆ ಹೇಳಿದರು: "ಅದಾ? ಒಂಬತ್ತು ವರ್ಷವಾ? ನನಗೆ ನಲ್ವತ್ತು ವರ್ಷದಿಂದ ಉಂಟು! ನಾಚಿಕೆಯಾಗಿ ನಾನು ಯಾರ ಹತ್ತಿರವೂ ಹೇಳ್ಲಿಲ್ಲ. ಹೆಂಡತಿಗೂ ಹೇಳ್ಲಿಲ್ಲ, ಅವಳು ಹೋಗಿ ಹತ್ತು ವರ್ಷ ಆಯ್ತು. ನೀನು ಹೇಳಿದಿ ಮಾರಾಯ." ಮತ್ತೆ ಎಲೆಯ ಕಡೆ ಕೈ ತೋರಿಸಿದರು. "ಕೈಯಲ್ಲಿ ಸೌಟು ಹಿಡ್ಕೊಂಡು ಎಂತ ನೋಡುದು? ಮೇಲಾರ ಬಡಿಸು."

ತಿರುಮಲಣ್ಣ ಬಡಿಸಿದರು. ನಾಲ್ಕು ಹನಿ ಎಲೆಯ ಹೊರಗೆ ಬಿತ್ತು, ಅವರ ಜೀವಮಾನದಲ್ಲಿ ಮೊದಲ ಸಲ. ಮಹಾಗಣಪತಿ ಭಟ್ಟರು ಅನ್ನಕ್ಕೆ ಕಲಸಿ ಉಂಡರು. ಅವರ ಪಕ್ಕದವರು ಉಂಡರು. ಸಾಲು ಮತ್ತೆ ನಡೆಯಿತು. ಪದ್ಯ ಕಟ್ಟಿದ ಮಾಸ್ತರು ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದವರು, ಊಟ ಮುಗಿದ ಮೇಲೆ ಹೆಂಗಸರ ಸಾಲಿನ ಕೊನೆಗೆ ಬಂದು ವಸುಮತಿಯೆದುರು ಕೈ ಮುಗಿದು ಹೋದರು. ಆ ದಿನ ಸಂಜೆಯೊಳಗೆ ಐದು ಜನ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ತಿರುಮಲಣ್ಣನನ್ನು ಮರೆಗೆ ಕರೆದು "ನನಗೂ ಹಾಗೆಯೇ ಆಗುದು, ಎಂತ ತಿನ್ನುದು, ಎಂತ ಬಿಡುದು?" ಎಂದು ಕೇಳಿದರು. ಅವರಿಗೆಲ್ಲ ಅವರು ಕೊಟ್ಟದ್ದು ಒಂದೇ ಉತ್ತರ: "ಅದು ನನಗೆ ಗೊತ್ತಿಲ್ಲ. ಇವಳ ಹತ್ತಿರ ಕೇಳಿ." ರಕ್ತ ಹೋಗುತ್ತದೆ ಎಂದ ಒಬ್ಬರನ್ನು ಮಾತ್ರ ವಸುಮತಿ ನಿಲ್ಲಿಸಿಕೊಂಡು, "ಇದು ಇವರದ್ದರ ಹಾಗೆ ಅಲ್ಲ, ನಾಳೆಯೇ ಪುತ್ತೂರಿಗೆ ಹೋಗಿ" ಎಂದು ಗದರಿಸಿ ಕಳಿಸಿದಳು.

ಮನೆಗೆ ನಡೆದು ಬರುವಾಗ ತಿರುಮಲಣ್ಣನಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಹೆಂಡತಿ ಏನಾದರೂ ಹೇಳುತ್ತಾಳೆ ಎಂದು ಎರಡು ಮೈಲಿ ಕಾದರು. ಕೊನೆಗೆ ತಾವೇ, "ಎಂತ, ಮಾತೇ ಇಲ್ಲ?" ಎಂದರು.

"ಹೇಳಿದ್ದು ಒಳ್ಳೆದಾಯ್ತು," ಎಂದಳು ವಸುಮತಿ. "ನೀವು ಯಾವತ್ತಾದ್ರೂ ಹೇಳ್ತೀರಿ ಅಂತ ನನಗೆ ಗೊತ್ತಿತ್ತು." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು, "ಮೂಕಾಂಬಿಕೆಯ ಪ್ರಸ್ತಾಪ ತಪ್ಪುವ ಮೊದಲು ಹೇಳಿದ್ರೆ ಇನ್ನೂ ಒಳ್ಳೆದಿತ್ತು."

ಮರುದಿನ ಬೆಳಗ್ಗೆ ಗಂಜಿ ಉಂಡು, ಎಲ್ಲಿಗೆ ಎಂದು ಹೇಳದೆ, ತಿರುಮಲಣ್ಣ ಪುತ್ತೂರಿಗೆ ನಡೆದು ಹೋಗಿ ಬಸ್ಸು ಹತ್ತಿದರು. ಬಸ್ಸೆಂದರೆ ಅವರು ಒಂಬತ್ತು ವರ್ಷದಿಂದ ಆದಷ್ಟು ದೂರ ಇಟ್ಟಿದ್ದ ವಸ್ತು. ಬೇಕೆಂದಲ್ಲಿ ಇಳಿಯುವಂತಿಲ್ಲ, ಇಳಿದರೂ ಸುತ್ತ ಜನ. ಉಪ್ಪಿನಂಗಡಿ ಬರುವಷ್ಟರಲ್ಲಿ ಹೊಟ್ಟೆ ಗುಡುಗಲು ಶುರುವಾಯಿತು. ಅವರು ಕಂಡಕ್ಟರನನ್ನು ಕರೆದು, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ನನಗೆ ಗ್ರಹಣಿ ಉಂಟು ಮಾರಾಯ, ಐದು ನಿಮಿಷ ನಿಲ್ಲಿಸಬೇಕು" ಎಂದರು. ಅವನು ನಿಲ್ಲಿಸಿದ. ಅಷ್ಟು ಸುಲಭವೆಂದು ಅವರಿಗೆ ಮೊದಲೇ ಗೊತ್ತಿದ್ದರೆ!

ನೆಲ್ಯಾಡಿಯಲ್ಲಿ ಇಳಿದು, ಕೇಳಿಕೊಂಡು, ಗುಡ್ಡ ಹತ್ತಿ ಇಳಿದು ಮೂಕಾಂಬಿಕೆಯನ್ನು ಬೇಡ ಎಂದಿದ್ದ ಮನೆಗೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹುಡುಗನ ಅಪ್ಪ ಜಗಲಿಯಲ್ಲಿ ಕೂತಿದ್ದರು. ಬೆವರಿಳಿಸುತ್ತಾ ಬಂದ ಬಡಕಲು ಮನುಷ್ಯನನ್ನು ಕಂಡು ಎದ್ದು ನಿಂತು, ಒಳಗೆ ಬೆಲ್ಲ ನೀರಿಗೆ ಹೇಳಿ, "ಗುರ್ತ ಆಗ್ಲಿಲ್ಲ, ಯಾರು?" ಎಂದು ಕೇಳಿದರು.

ಪುತ್ತೂರು ಸೀಮೆಯಲ್ಲಿ ಅಡಿಗೆ ತಿರುಮಲಣ್ಣ ಎಂದರೆ ಸಾಕಿತ್ತು. ಆ ಹೆಸರು ಕೇಳಿದರೆ ಯಾವ ಮನೆಯವರೂ ಮಣೆ ಹಾಕಿ ಕೂರಿಸುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಅವರು ಹೆಗಲ ಬೈರಾಸಿನಲ್ಲಿ ಮುಖ ಒರಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತರು.

"ನಾನು ವಸುಮತಿಯ ಗಂಡ," ಎಂದರು.